ಕೇಳದ ಕವಿ, ಮಾತಾಡುವ ಕೈಗಳು

 

ಇಂದಿನ ಚಿಂತನಕ್ಕೆ ಒಬ್ಬ ಕವಿಯ ಬದುಕನ್ನು ಆರಿಸಿಕೊಂಡಿದ್ದೇನೆ. ನಮ್ಮ ನಾಡಿನವರಲ್ಲ, ನೆರೆಯ ಕೇರಳದವರು. ಹೆಸರು ವಳ್ಳತ್ತೋಳ್ ನಾರಾಯಣ ಮೆನನ್. ನಮಗೆ ಕುವೆಂಪು, ಬೇಂದ್ರೆ ಹೇಗೋ ಮಲಯಾಳಿಗಳಿಗೆ ಇವರು ಹಾಗೆ. ಕುಮಾರನ್ ಆಶಾನ್, ಉಳ್ಳೂರ್ ಪರಮೇಶ್ವರ ಅಯ್ಯರ್ ಮತ್ತು ವಳ್ಳತ್ತೋಳ್, ಈ ಮೂವರನ್ನು ಅಲ್ಲಿ ಕವಿತ್ರಯರೆಂದು ಕರೆಯುತ್ತಾರೆ. ಬೌದ್ಧ ಕಥೆಗಳನ್ನು ತೆಗೆದುಕೊಂಡು 'ಚಂಡಾಲಭಿಕ್ಷುಕಿ', 'ಕರುಣ' ಕಾವ್ಯಗಳನ್ನು ಬರೆದ ಆಶಾನರ ಹೆಸರು ನಮ್ಮ ಬಳಗದಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ವಳ್ಳತ್ತೋಳರನ್ನು ನೆನೆಯುತ್ತಿರುವುದು ಬೇರೆ ಕಾರಣಕ್ಕೆ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತರ ಆಸುಪಾಸಿನಲ್ಲಿ ಹೋದ ಶ್ರವಣಶಕ್ತಿ ಮತ್ತೆ ಬರಲಿಲ್ಲ. ಆಮೇಲೂ ಅವರು ಸುಮಾರು ಅರ್ಧ ಶತಮಾನ ಬಾಳಿದರು. ಅದರ ಬಹುಪಾಲನ್ನು ಜನರ ನಡುವೆಯೇ ಕಳೆದರು.

ಹುಟ್ಟಿದ್ದು 1878ರ ಅಕ್ಟೋಬರ್ 16ರಂದು, ಮಲಬಾರಿನ ತಿರೂರಿನ ಹತ್ತಿರ ಚೆನ್ನರ ಎಂಬಲ್ಲಿ. ಆಗ ಮಲಬಾರ್ ಕೂಡ ಮಂಗಳೂರು, ಕಾಸರಗೋಡಿನಂತೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. (ನಮ್ಮ ಹಾನಗಲ್ಲ, ಹಿರೇಕೆರೂರಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಸವಣೂರ ನವಾಬರ ಕೈಯಲ್ಲಿತ್ತು.) ಅವರು ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಸೋದರಮಾವ ರಾಮುಣ್ಣಿ ಮೆನನ್ ಅವರೇ ಸಂಸ್ಕೃತವನ್ನೂ ಆಯುರ್ವೇದವನ್ನೂ ಕಲಿಸಿದರು. ಅಂದಿನ ಕಲಿಕೆಯೆಂದರೆ ಕಿವಿಯ ಕಲಿಕೆ. ಗುರು ಹೇಳಬೇಕು, ಶಿಷ್ಯ ಕೇಳಿ ಬಾಯಿಪಾಠ ಮಾಡಬೇಕು. ಹೆಚ್ಚು ತಿಳಿದವನನ್ನು ಬಹುಶ್ರುತ, ಅಂದರೆ ಬಹಳ ಕೇಳಿದವನು ಎನ್ನುತ್ತಿದ್ದರೇ ಹೊರತು ಬಹಳ ಓದಿದವನು ಎನ್ನುತ್ತಿರಲಿಲ್ಲ. ನಾವು ಓದುವ ಸುತ್ತಗಳೂ ಕೇಳಿದ್ದನ್ನು ಹೇಳುತ್ತಿದ್ದೇನೆ ಎಂಬ ಭಾವದಿಂದಲೇ ಶುರುವಾಗುತ್ತವೆ. ಅಂಥ ಪರಂಪರೆಯಲ್ಲಿ ಬೆಳೆದವನಿಗೆ ಕಿವಿ ಹೋಗುವುದೆಂದರೆ ಮನೆಯ ತಲೆಬಾಗಿಲೇ ಮುಚ್ಚಿದಂತೆ.

1905ರಲ್ಲಿ ಅವರು ತ್ರಿಶೂರಿಗೆ ಬಂದು ಒಂದು ಅಚ್ಚುಕೂಟದ ವ್ಯವಸ್ಥಾಪಕರಾದರು. ವಾಲ್ಮೀಕಿ ರಾಮಾಯಣವನ್ನು ಎರಡು ವರ್ಷಗಳಲ್ಲಿ ಮಲಯಾಳಕ್ಕೆ ತಂದರು. ಹೆಸರು ಬಂದಿತ್ತು, ಮನೆಯಲ್ಲಿ ಹೆಂಡತಿ ಇದ್ದರು, ವಯಸ್ಸು ಚಿಕ್ಕದು. 1909ರ ಸುಮಾರಿಗೆ ಕಿವಿ ಕೈಕೊಟ್ಟಿತು. ಅಷ್ಟು ಆಯುರ್ವೇದ ಓದಿದವರಿಗೆ ತಮ್ಮ ಕಿವಿಯನ್ನೇ ಉಳಿಸಿಕೊಳ್ಳಲಾಗಲಿಲ್ಲ.

ಆಗ ಅವರು ಮಾಡಿದ ಮೊದಲ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1910ರಲ್ಲಿ ಒಂದು ಕಾವ್ಯ ಬರೆದು ಅದಕ್ಕೆ 'ಬಧಿರವಿಲಾಪಂ' ಎಂದು ಹೆಸರಿಟ್ಟರು. ಕನ್ನಡದಲ್ಲಿ ಹೇಳಬೇಕೆಂದರೆ ಕಿವುಡನ ಅಳಲು. ಸುತ್ತುಬಳಸಿ ಹೇಳುವುದಿಲ್ಲ, ರೂಪಕದ ಮರೆಯೂ ಇಲ್ಲ. ನಾನು ಕಿವುಡ, ನನಗೆ ದುಃಖವಾಗಿದೆ ಎಂಬುದು ಹೆಸರಿನಲ್ಲೇ ಇದೆ. ಓದುಗರೆಲ್ಲರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಎದುರಿಗೆ ಬಂದವರ ಮುಂದೆ ಕೇಳಿದಂತೆ ನಟಿಸುವ ಅಗತ್ಯ ಅವರಿಗೆ ಉಳಿಯಲಿಲ್ಲ.

ಈ ನಟನೆ ನಮ್ಮ ಕಡೆಯ ಮನೆಗಳಲ್ಲಿ ದಿನವೂ ನಡೆಯುತ್ತದೆ. ಮದುವೆಗೋ ಜಾತ್ರೆಗೋ ಸೇರಿದಾಗ ಪಡಸಾಲೆಯ ಮೂಲೆಯಲ್ಲಿ ಕೂತ ಅಜ್ಜನನ್ನು ನೋಡಿ. ಎಲ್ಲರೂ ನಕ್ಕಾಗ ಅವರೂ ನಗುತ್ತಾರೆ, ಅದೂ ಅರೆಗಳಿಗೆ ತಡವಾಗಿ. ಏನಂದ್ರೋ ಎಂದು ಕೇಳಿದರೆ ಏನಿಲ್ಲ ಬಿಡಜ್ಜ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡು ಸಲ ಆ ಉತ್ತರ ಸಿಕ್ಕರೆ ಮೂರನೆಯ ಸಲ ಅಜ್ಜ ಕೇಳುವುದಿಲ್ಲ. ತರಗತಿಯಲ್ಲೂ ಇದನ್ನು ಕಾಣುತ್ತೇನೆ. ಕಿವಿ ಸೋರುವ ಹುಡುಗ ಹಿಂದಿನ ಬೆಂಚಿಗೆ ಹೋಗಿ ಕೂಡುತ್ತಾನೆ, ಅರ್ಥವಾಯಿತೇ ಎಂದರೆ ಎಲ್ಲರ ಜೊತೆ ತಲೆಯಾಡಿಸುತ್ತಾನೆ. ಮನೆಯವರು ಅವನನ್ನು ದಡ್ಡ ಎಂದುಕೊಂಡಿರುತ್ತಾರೆ.

ಮೂಗಪಕ್ಖ ಜಾತಕದ ತೇಮಿಯ ಕುಮಾರನ ಕಥೆ ಬಳಗದಲ್ಲಿ ಹಲವರಿಗೆ ನೆನಪಿರುತ್ತದೆ. ರಾಜ್ಯ ಬೇಡವೆಂದು ಹದಿನಾರು ವರ್ಷ ಕುಂಟನಂತೆ, ಕಿವುಡನಂತೆ, ಮೂಗನಂತೆ ಇದ್ದವನು ಅವನು. ಶಂಖ ಊದಿದರೂ ಭೇರಿ ಬಾರಿಸಿದರೂ ಅಲುಗಲಿಲ್ಲ. ಅವನು ಕೇಳಿಯೂ ಕೇಳದಂತೆ ಇದ್ದ. ನಮ್ಮ ಅಜ್ಜಂದಿರದು ಅದರ ತಿರುವುಮುರುವು, ಕೇಳದೆಯೂ ಕೇಳಿದಂತೆ ಇರುತ್ತಾರೆ. ಎರಡರಲ್ಲಿ ಯಾವ ತಪಸ್ಸು ಕಷ್ಟದ್ದು ಎಂದು ನಾನು ಹೇಳಲಾರೆ.

ವಳ್ಳತ್ತೋಳರ ಕಥೆಗೆ ಬರೋಣ. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರಿಗೆ ಮಾತು ಹೋಗುವುದಿಲ್ಲ. ಅವರು ನಮಗೆ ಹೇಳಬಲ್ಲರು, ನಾವು ಹೇಳಿದ್ದು ಮಾತ್ರ ಅವರನ್ನು ಮುಟ್ಟುವುದಿಲ್ಲ. ಆ ದಾರಿ ತೆರೆಯಬೇಕಾದರೆ ಮಾತು ಕಣ್ಣಿಗೆ ಕಾಣುವ ರೂಪದಲ್ಲಿ ಬರಬೇಕು: ಬರಹ, ಕೈಸನ್ನೆ, ತುಟಿಯ ಚಲನೆ, ಮುಖಭಾವ. ಅದನ್ನು ಮಾಡಬೇಕಾದವರು ಕಿವಿ ಇರುವವರೇ.

ಕಿವಿ ಹೋದ ಮೇಲೆ ಕವಿತೆಯ ಗತಿಯೇನು? ಮಲಯಾಳ ವಿಮರ್ಶಕರು ಕವಿತ್ರಯರಿಗೆ ಒಬ್ಬೊಬ್ಬರಿಗೆ ಒಂದೊಂದು ಬಿರುದು ಕೊಟ್ಟಿದ್ದಾರೆ. ಆಲೋಚನೆಯ ಆಳಕ್ಕಾಗಿ ಆಶಾನರು ಆಶಯಗಂಭೀರ. ವಳ್ಳತ್ತೋಳರು ಶಬ್ದಸುಂದರ! ಶಬ್ದವನ್ನೇ ಕೇಳದವರಿಗೆ ಶಬ್ದದ ಚೆಲುವಿಗಾಗಿ ಬಿರುದು. ಅದಕ್ಕೆ ಕಾರಣವಾದ ಕೃತಿಗಳಲ್ಲಿ ಹೆಚ್ಚಿನವು 1910ರ ನಂತರದವು: 'ಚಿತ್ರಯೋಗಂ' ಮಹಾಕಾವ್ಯ, ಸೆರೆಮನೆಯ ಅನಿರುದ್ಧನ ಕಥೆ, 'ಮಗ್ದಲನ ಮರಿಯಂ', ಸಂಪುಟದ ಮೇಲೆ ಸಂಪುಟವಾಗಿ ಬಂದ 'ಸಾಹಿತ್ಯಮಂಜರಿ'. ಛಂದಸ್ಸು ಕಲಿಸುವ ಮಾಸ್ತರನಾಗಿ ನನಗೆ ಇದು ಅಷ್ಟು ಆಶ್ಚರ್ಯವಲ್ಲ. ಎಳವೆಯಲ್ಲಿ ಬಾಯಿಪಾಠವಾದ ಲಯ ಕಿವಿಯಲ್ಲಿ ಕೂತಿರುವುದಿಲ್ಲ, ಇನ್ನೂ ಒಳಗೆ ಇಳಿದಿರುತ್ತದೆ. ಮೂವತ್ತು ವರ್ಷ ಕೇಳಿ ತುಂಬಿಕೊಂಡ ಕಣಜದಿಂದ ಅವರು ಐವತ್ತು ವರ್ಷ ಅಳೆದು ಕೊಟ್ಟರು.

ರಾಜಕೀಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1922ರಲ್ಲಿ ಇಂಗ್ಲೆಂಡಿನ ಯುವರಾಜರು ಬಂದಾಗ ಕೊಡಲು ಮುಂದಾದ ಗೌರವವನ್ನು ಅವರು ಬೇಡವೆಂದರು. ಗಾಂಧೀಜಿಯವರನ್ನು ಗುರುವೆಂದು ಕರೆದು ಪದ್ಯ ಬರೆದರು. ಸ್ವಾತಂತ್ರ್ಯ ಚಳವಳಿಯ ಸಭೆಗಳಲ್ಲಿ ಅವರ ಪದ್ಯಗಳನ್ನು ಸಾವಿರಾರು ಜನ ಹಾಡಿದರು. ಆ ಹಾಡು ಅವರಿಗೊಬ್ಬರಿಗೆ ಕೇಳುತ್ತಿರಲಿಲ್ಲ.

ಅವರು ಹೆಚ್ಚು ಕಾಲ, ಹೆಚ್ಚು ಶ್ರಮ ಕೊಟ್ಟದ್ದು ಕಥಕಳಿಗೆ. ನಮ್ಮ ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದು ಗುಡುಗಿದರೆ ಊರಾಚೆಗೂ ಕೇಳಬೇಕು. ಕಥಕಳಿಯಲ್ಲಿ ಪಾತ್ರಧಾರಿ ಮಾತಾಡುವುದೇ ಇಲ್ಲ. ಹಿಂದೆ ನಿಂತ ಇಬ್ಬರು ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ಬಾರಿಸುತ್ತಾರೆ. ವೇಷಧಾರಿ ಆ ಪದದ ಒಂದೊಂದು ಮಾತನ್ನೂ ಕೈಯಲ್ಲಿ, ಕಣ್ಣಲ್ಲಿ, ಹುಬ್ಬಲ್ಲಿ ಆಡುತ್ತಾನೆ. 'ಹಸ್ತಲಕ್ಷಣದೀಪಿಕೆ' ಎಂಬ ಗ್ರಂಥದಲ್ಲಿ ಹೇಳಿದ 24 ಮೂಲ ಮುದ್ರೆಗಳೇ ಅಲ್ಲಿನ ವರ್ಣಮಾಲೆ. ಅವುಗಳ ಜೋಡಣೆಯಿಂದ ಆನೆ, ಹೂವು, ರಾಜ, ನಾಳೆ, ಯಾಕೆ, ಇಲ್ಲ ಎಲ್ಲವನ್ನೂ ಹೇಳಬಹುದು. ಇಂಥ ರಂಗದ ಮುಂದೆ, ಪದಗಳನ್ನು ಬಲ್ಲ ಕಿವುಡ ಕವಿ ಕೂತಿದ್ದಾರೆಂದುಕೊಳ್ಳಿ. ಅವರಿಗೆ ತಪ್ಪಿಹೋಗುವುದು ಹಾಡು, ಕಥೆಯಲ್ಲ. ಪಕ್ಕದಲ್ಲಿ ಕೂತ, ಕಿವಿ ನೆಟ್ಟಗಿದ್ದು ಮುದ್ರೆ ಗೊತ್ತಿಲ್ಲದವನೇ ಏನಂದ್ರು ಎಂದು ಕೇಳಬೇಕಾದ ಜಾಗ ಅದು.

ಕಿವುಡುತನದಿಂದಾಗಿಯೇ ಅವರು ಕಥಕಳಿಗೆ ಬಂದರು ಎಂದುಬಿಟ್ಟರೆ ಕಥೆ ಅಂದವಾಗುತ್ತದೆ. ಅಷ್ಟು ಸರಳವಲ್ಲ. ಕಥಕಳಿ ಆಗ ಸಾಯುವ ಸ್ಥಿತಿಯಲ್ಲಿತ್ತು. ಆಶ್ರಯ ಕೊಟ್ಟಿದ್ದ ಜಮೀನ್ದಾರ ಮನೆತನಗಳು ಸೊರಗಿದ್ದವು, ಹೊಸದಾಗಿ ಓದಿದವರಿಗೆ ಅದೊಂದು ಹಳೆಯ ಕುಣಿತವಾಗಿ ಕಾಣುತ್ತಿತ್ತು. ನಾಡು ತನ್ನದೊಂದನ್ನು ಕಳೆದುಕೊಳ್ಳುತ್ತಿದೆ ಎಂಬ ಚಿಂತೆ ಅವರನ್ನು ಎಬ್ಬಿಸಿತು. ಆದರೂ ಅಷ್ಟೆಲ್ಲ ಕಲೆಗಳಲ್ಲಿ ಕೈಗಳೇ ಮಾತಾಡುವ ಕಲೆಗೆ ಅವರು ಅಂಟಿಕೊಂಡದ್ದನ್ನು ಬರಿ ಕಾಕತಾಳೀಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

1930ರಲ್ಲಿ ಕೇರಳ ಕಲಾಮಂಡಲಂ ಶುರುವಾಯಿತು. ಜೊತೆಗಾರರಾಗಿ ನಿಂತವರು ಮಣಕ್ಕುಳಂ ಮುಕುಂದ ರಾಜಾ. ಹಣವಿರಲಿಲ್ಲ. ಲಾಟರಿ ಟಿಕೆಟ್ ಮಾರಿದರು, ಊರೂರು ತಿರುಗಿದರು, ಅರಮನೆಗಳ ಬಾಗಿಲಿಗೂ ಹೋದರು. ಶಾಲೆಯ ಕೊಠಡಿಗೆಂದು ಚಂದಾ ಎತ್ತಿದವರಿಗೆ ಗೊತ್ತು, ಅದು ಬಾಯಿಗಿಂತ ಕಿವಿಯ ಕೆಲಸ. ಎದುರಿನವರ ನೆಪಗಳನ್ನೆಲ್ಲ ತಾಳ್ಮೆಯಿಂದ ಕೇಳಬೇಕು. ಇಲ್ಲ ಎಂಬ ಮಾತು ಕಿವಿಗೆ ಬೀಳದವರಿಗೆ ಈ ಕೆಲಸ ಸುಲಭವಿರಬೇಕು ಎಂದು ತಮಾಷೆ ಮಾಡಬಹುದು. ಆದರೆ ಇಲ್ಲ ಎನ್ನುವುದು ಮೊದಲು ಮುಖದಲ್ಲಿ ಕಾಣಿಸುತ್ತದೆ, ಮುಖ ಓದುವುದರಲ್ಲಿ ಅವರಿಗಿಂತ ಪಳಗಿದವರು ಅಲ್ಲಿ ಯಾರಿದ್ದರು!

ಮೊದಲು ಕುನ್ನಂಕುಳಂ, ಆಮೇಲೆ ಅಂಬಲಪುರಂ, ಕಡೆಗೆ ಭಾರತಪ್ಪುಳ ಹೊಳೆಯ ದಂಡೆಯ ಚೆರುತುರುತ್ತಿ. ಪಟ್ಟಿಕ್ಕಾಂತೊಡಿ ರಾವುಣ್ಣಿ ಮೆನನ್ ಅವರಂಥ ದೊಡ್ಡ ಗುರು ಬಂದು ಪಾಠ ಹೇಳಿದರು. ಕಲಾಮಂಡಲಂ ಕೃಷ್ಣನ್ ನಾಯರ್, ರಾಮನ್‌ಕುಟ್ಟಿ ನಾಯರ್ ಅವರಂಥ ಶಿಷ್ಯರು ತಯಾರಾದರು. ಮರೆಯಾಗುತ್ತಿದ್ದ ಮೋಹಿನಿಯಾಟ್ಟಕ್ಕೂ ಅಲ್ಲಿ ಜಾಗ ಸಿಕ್ಕಿತು. 1941ರಲ್ಲಿ ಸಂಸ್ಥೆಯನ್ನು ಕೊಚ್ಚಿ ಸರ್ಕಾರಕ್ಕೆ ಒಪ್ಪಿಸಿದ ಮೇಲೂ ಕವಿ ಚೆರುತುರುತ್ತಿ ಬಿಟ್ಟು ಹೋಗಲಿಲ್ಲ. ಅಲ್ಲಿಯೇ ಮನೆ, ಅಲ್ಲಿಯೇ ಬರಹ. ಸುತ್ತಲೂ ಕೈಯಿಂದ ಮಾತಾಡಲು ಕಲಿಯುತ್ತಿರುವ ಹುಡುಗರು. ಕಿವಿ ಕೇಳದ ಮನುಷ್ಯನೊಬ್ಬ ಮುಪ್ಪು ಕಳೆಯಲು ಇದಕ್ಕಿಂತ ಒಳ್ಳೆಯ ಊರು ಭಾರತದಲ್ಲಿ ಇತ್ತೆಂದು ನನಗನಿಸುವುದಿಲ್ಲ.

ನಮ್ಮ ಮನೆಯವರಿಗೆ ಮುದ್ರೆಗಳು ಬರುವುದಿಲ್ಲ, ನಿಜ. ಬೇಕಾದದ್ದು ಅಷ್ಟು ದೊಡ್ಡದೂ ಅಲ್ಲ. ವಯಸ್ಸಾದಂತೆ ಮೊದಲು ಕೈತಪ್ಪುವುದು ಎತ್ತರದ, ತೆಳುವಾದ ಧ್ವನಿಗಳು. ಸ, ಶ, ತ, ಕ ಇಂಥ ವ್ಯಂಜನಗಳು ಮಸುಕಾಗಿ ಸ್ವರ ಮಾತ್ರ ಉಳಿಯುತ್ತದೆ. ಅದಕ್ಕೇ ಅಜ್ಜಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕೂಗಿದರೆ ಸ್ವರವೇ ದೊಡ್ಡದಾಗುತ್ತದೆ, ಬಾಯಿಯ ಆಕಾರವೂ ಕೆಡುತ್ತದೆ. ಎದುರಿಗೆ ಕೂತು, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ನೋಡಿಕೊಂಡು, ಟಿವಿ ಆರಿಸಿ, ನಿಧಾನವಾಗಿ ಹೇಳಿದರೆ ಅರ್ಧ ದಾರಿ ಸಾಗಿದಂತೆ. ತಿಳಿಯದಿದ್ದರೆ ಅದೇ ಮಾತನ್ನು ಜೋರು ಮಾಡುವ ಬದಲು ಬೇರೆ ಮಾತಿನಲ್ಲಿ ಹೇಳಬೇಕು. ಓದು ಬರುವವರಿಗೆ ಒಂದು ಪಾಟಿ ಸಾಕು, ಮೊಬೈಲೂ ಆದೀತು. ಫೋನಿನಲ್ಲಿ ಮಾತು ತಿಳಿಯದ ಹಿರಿಯರು ಈ ಚಿಂತನವನ್ನು ದಿನವೂ ಓದಿ ಕೈಮುಗಿದ ಚಿತ್ರ ಕಳಿಸುತ್ತಾರಲ್ಲ, ಅದು ಅವರ ಮಾತು.

1950ರ ಹೊತ್ತಿಗೆ, ಎಪ್ಪತ್ತು ದಾಟಿದ ವಳ್ಳತ್ತೋಳರು ವಿದೇಶಗಳಿಗೂ ಹೊರಟರು. ಸೋವಿಯತ್ ರಷ್ಯಾ ನೋಡಿ ಬಂದು ಅದರ ಮೇಲೆ ಪದ್ಯಗಳನ್ನೂ ಬರೆದರು. ರಷ್ಯನ್ ಬಾರದವರ ನಡುವೆ ಅಲ್ಲಿ ಅವರೊಬ್ಬರೇ ಕಿವುಡರಲ್ಲ, ಇತರ ಭಾರತೀಯರಿಗೂ ಎಲ್ಲವನ್ನೂ ಬೇರೆಯವರೇ ತಿಳಿಸಿ ಹೇಳಬೇಕಿತ್ತು. 1954ರಲ್ಲಿ ಪದ್ಮಭೂಷಣ ಬಂತು. ಕೊನೆಯ ವರ್ಷಗಳಲ್ಲಿ ಋಗ್ವೇದವನ್ನು ಮಲಯಾಳಕ್ಕೆ ತಂದರು. ತಲೆಮಾರುಗಳಿಂದ ಕಿವಿಯಿಂದ ಕಿವಿಗೆ ದಾಟಿ ಬಂದದ್ದನ್ನು ಕಿವಿ ಕೇಳದ ಕವಿ ಕಣ್ಣಿನಿಂದ ಓದಿ ಜನಕ್ಕೆ ಕೊಟ್ಟರು. 1958ರ ಮಾರ್ಚ್ 13ರಂದು ತೀರಿಕೊಂಡಾಗ ಅವರಿಗೆ 79 ವರ್ಷ.

ಶೊರ್ನೂರು ದಾಟಿ ತ್ರಿಶೂರಿನ ಕಡೆ ಹೋಗುವ ರೈಲಿನಲ್ಲಿ ಕೂತರೆ ಹೊಳೆಯಾಚೆ ಒಂದು ಚಿಕ್ಕ ನಿಲ್ದಾಣ ಬರುತ್ತದೆ. ಫಲಕದಲ್ಲಿ ವಳ್ಳತ್ತೋಳ್ ನಗರ ಎಂದಿದೆ. ಅಲ್ಲಿಗೆ ಹತ್ತಿರದ ಕಲಾಮಂಡಲದಲ್ಲಿ ಕಥಕಳಿ ಕಲಿಯುವ ಹುಡುಗರು ಬೆಳಗಾಗುವ ಮೊದಲೇ ಎದ್ದು ಕಣ್ಣಿನ ಸಾಧಕಕ್ಕೆ ಕೂಡುತ್ತಾರೆ. ಗುರು ಕೋಲಿನಿಂದ ಮರದ ದಿಮ್ಮಿಗೆ ತಾಳ ಹಾಕುತ್ತಾರೆ, ಹುಡುಗರ ಕಣ್ಣುಗುಡ್ಡೆಗಳು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಚಲಿಸುತ್ತವೆ. ಬಾಯಿ ಮುಚ್ಚಿಯೇ ಇರುತ್ತದೆ.