ಕಾಡಿನ ನಾಡಿ ಹಿಡಿದ ವೈದ್ಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯವರಾದ ನಮಗೆ ಸೂಜಿಯಂಥ ಎಲೆಯ ಮರವೆಂದರೆ ಹೊಲದಂಚಿನ ಸರ್ವೆ ಮರ. ಅದರ ತೋಪಿನಲ್ಲಿ ಗಾಳಿ ಸುಯ್ಯೆನ್ನುವುದನ್ನು ಕೇಳಿ, ಹಿಮಾಲಯದ ಪೈನ್ ಮರವೂ ಇದರ ಬಳಗವೇ ಎಂದು ಎಣಿಸುವವರುಂಟು. ಹಾಗಲ್ಲ. ಸರ್ವೆ ಹೂ ಬಿಡುವ ಜಾತಿಯ ಮರ. ಅದರಲ್ಲಿ ಸೂಜಿಯಂತೆ ತೋರುವವು ಎಲೆಗಳಲ್ಲ, ಎಳೆಯ ರೆಂಬೆಗಳು. ನಿಜವಾದ ಸೂಚಿಪರ್ಣದ ಕಾಡುಗಳು ಹರಡಿರುವುದು ರಷ್ಯ, ಕೆನಡ, ಸ್ವೀಡನ್ನುಗಳಂಥ ಉತ್ತರದ ಶೀತದೇಶಗಳಲ್ಲಿ; ನಮ್ಮ ದೇಶದಲ್ಲಿ ಹಿಮಾಲಯದ ಇಳಿಜಾರುಗಳಲ್ಲಿ. ಆ ಹಿಮದ ಕಾಡಿಗೂ ಕನ್ನಡ ನಾಡಿಗೂ ಒಬ್ಬ ಪುರುಷನ ಬಾಳಿನಿಂದ ನಂಟು ಬೆಳೆಯಿತು. ನಾನು ಇತಿಹಾಸದ ವಿದ್ಯಾರ್ಥಿ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನನ ಚರಿತ್ರೆಯನ್ನು ನಮ್ಮ ಕಾಲೇಜಿನ ಸಹಪಾಠಿಗಳ ಮುಂದಿಡಬೇಕೆನಿಸಿತು.

ಕ್ಲೆಗ್‌ಹಾರ್ನನು ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ಮನೆತನ ಸ್ಕಾಟ್ಲೆಂಡಿನದು. ಬಾಲ್ಯದಲ್ಲಿಯೇ ಅವನನ್ನು ಅಲ್ಲಿಗೆ ಕಳುಹಿಸಿದರು. ಎಡಿನ್‌ಬರೋದಲ್ಲಿ ವೈದ್ಯವಿದ್ಯೆ ಕಲಿತು, 1842ರಲ್ಲಿ ಕಂಪನಿ ಸರ್ಕಾರದ ವೈದ್ಯನಾಗಿ ಮತ್ತೆ ಮದರಾಸಿಗೆ ಬಂದನು. ಆ ಕಾಲದ ವೈದ್ಯನಿಗೆ ಔಷಧವೂ ಗಿಡಮೂಲಿಕೆಯೂ ಬೇರೆಬೇರೆಯಲ್ಲ. ಆದ್ದರಿಂದ ಗಿಡಗಳ ಪರಿಚಯ ಅವನಿಗೆ ಓದಿನ ಭಾಗವೇ ಆಗಿತ್ತು.

ಸ್ವಲ್ಪ ಕಾಲದಲ್ಲಿಯೇ ಮೈಸೂರು ಸಂಸ್ಥಾನದ ಶಿವಮೊಗ್ಗಕ್ಕೆ ವರ್ಗವಾಯಿತು. ಆಗ ಸಂಸ್ಥಾನದ ಆಡಳಿತ ಕಮಿಷನರ್ ಮಾರ್ಕ್ ಕಬ್ಬನ್ನನ ಕೈಯಲ್ಲಿತ್ತು. ನಮ್ಮ ನಂದಿಬೆಟ್ಟದ ಮೇಲೆ ಬೇಸಗೆಯ ಮನೆ ಕಟ್ಟಿಸಿಕೊಂಡ ಕಬ್ಬನ್ ಇವನೇ. ಶಿವಮೊಗ್ಗದಲ್ಲಿ ಕ್ಲೆಗ್‌ಹಾರ್ನನು ಆಸ್ಪತ್ರೆಯ ಕೆಲಸದ ನಡುವೆ ದಿನಕ್ಕೊಂದು ಗಿಡವನ್ನಾದರೂ ಪರೀಕ್ಷಿಸುವ ನೇಮ ಹಿಡಿದನು. ಮರಾಠಿ ಚಿತ್ರಕಾರನೊಬ್ಬನಿಂದ ಅವುಗಳ ಚಿತ್ರ ಬರೆಯಿಸಿದನು. ಅವನ ಚಿತ್ರಸಂಗ್ರಹ ಇಂದಿಗೂ ಎಡಿನ್‌ಬರೋದ ರಾಜೋದ್ಯಾನದಲ್ಲಿದೆ. ಮಲೆನಾಡಿನ ಮರಗಳು ಕೊಡಲಿಗೆ ಬೀಳುತ್ತಿದ್ದುದನ್ನು ಅವನು ಕಣ್ಣಾರೆ ಕಂಡದ್ದು ಈ ತಿರುಗಾಟದಲ್ಲಿಯೇ.

ದೇಹಾಲಸ್ಯದಿಂದ 1848ರಲ್ಲಿ ಸ್ವದೇಶಕ್ಕೆ ಹೋದವನು ಅಲ್ಲಿ ಸುಮ್ಮನಿರಲಿಲ್ಲ. ಬ್ರಿಟಿಷ್ ವಿಜ್ಞಾನ ಪರಿಷತ್ತು ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. 1851ರಲ್ಲಿ ಒಪ್ಪಿಸಿದ ಅದರ ವರದಿಗೆ ಕ್ಲೆಗ್‌ಹಾರ್ನನೇ ಮುಂದಾಳು. ಕಾಡು ಹೋದರೆ ಹೋಗುವುದು ಮರವೊಂದೇ ಅಲ್ಲ, ಊಟೆಯ ನೀರೂ ನೆಲದ ಸಾರವೂ ಹೋಗುತ್ತವೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಭಾರತಕ್ಕೆ ಮರಳಿ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದನು. ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗುವುದರಲ್ಲಿಯೂ ಅವನ ಸಲಹೆಯಿತ್ತು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು.

ಇಲ್ಲಿಂದ ಮುಂದಿನ ಕಥೆಯನ್ನು ಹೊಗಳಿಕೆಯಿಂದ ಮಾತ್ರ ಹೇಳಲಾಗದು. ಅದೇ 1856ರಲ್ಲಿ ಮದರಾಸಿನಿಂದ ಮೊದಲ ರೈಲು ಹೊರಟಿತು. ಒಂದು ಮೈಲಿ ಹಳಿಗೆ ಸುಮಾರು 2000 ಮರದ ಅಡ್ಡದಿಮ್ಮಿಗಳು ಬೇಕು. ಅವು ಕೆಲವೇ ವರ್ಷಗಳಲ್ಲಿ ಕೊಳೆತು ಹೊಸವನ್ನು ಕೇಳುತ್ತವೆ. ಕಾಡನ್ನು ಕಾಯಬೇಕಾದವನಿಗೇ ಈ ದಿಮ್ಮಿಗಳನ್ನು ಒದಗಿಸುವ ಹೊಣೆ ಬಿತ್ತು. ಅವನು ಹುಡುಕಿದ ಉಪಾಯಗಳಲ್ಲಿ ಒಂದು, ಕನ್ನಡ ಜಿಲ್ಲೆಯ ಘಟ್ಟಗಳಲ್ಲಿದ್ದ ಕುಮರಿ ಬೇಸಾಯವನ್ನು ತಡೆಯುವುದು. 1860ರಲ್ಲಿ ಮದರಾಸು ಸರ್ಕಾರವು ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದೆಂದು ವಿಧಿಸಿತು. ಗುಡ್ಡದಲ್ಲಿ ಒಂದಿಷ್ಟು ಸುಟ್ಟು ರಾಗಿ ಬಿತ್ತಿ, ಬಳಿಕ ಅದನ್ನು ಬೀಳುಬಿಟ್ಟು ಮುಂದೆ ಹೋಗುತ್ತಿದ್ದ ಬಡವರು ಕಾಡಿನ ಶತ್ರುಗಳೆನಿಸಿದರು. ರೈಲು ನುಂಗಿದ ಮರದ ಲೆಕ್ಕ ಮಾತ್ರ ದೇಶದ ಅಭಿವೃದ್ಧಿಯ ಖಾತೆಗೆ ಸೇರಿತು. ಈ ತಕ್ಕಡಿ ಸಮವಾಗಿತ್ತೆಂದು ನನಗೆ ತೋರುವುದಿಲ್ಲ.

1861ರ ಕೊನೆಗೆ ಸರ್ಕಾರವು ಅವನನ್ನು ಪಂಜಾಬಿಗೆ ಕಳುಹಿಸಿತು. ಸಟ್ಲೆಜ್, ಬಿಯಾಸ್, ರಾವಿ, ಚೀನಾಬ್ ನದಿಗಳ ಕಣಿವೆಗಳನ್ನೇರಿ ದೇವದಾರುವಿನ ಕಾಡುಗಳನ್ನು ಪರಿಶೀಲಿಸಿದನು. ದೇವದಾರು ಎಣ್ಣೆಯ ಅಂಶವುಳ್ಳ ಮರ. ಗೆದ್ದಲಿಗೂ ಕೊಳೆತಕ್ಕೂ ಸುಲಭವಾಗಿ ಸೋಲದು. ಕಡಿದು ಹೊಳೆಗೆ ನೂಕಿದರೆ ತೇಲಿಕೊಂಡು ಬಯಲಿಗೆ ತಾನೇ ಬರುತ್ತದೆ. ಈ ಗುಣಗಳೇ ಅದಕ್ಕೆ ಮುಳುವಾದವು.

ಅಂಥ ಕಾಡು ಬದುಕುವ ಬಗೆ ಇಂದು ಹೆಚ್ಚು ವಿಶದವಾಗಿ ತಿಳಿದಿದೆ. ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಕ್ಕದು. ಹಿಮದ ನಡುವೆಯೂ ಅದು ಬರಗಾಲವೇ. ಮೇಣ ಹಚ್ಚಿದಂತಿರುವ ಸಣ್ಣ ಎಲೆಯು ಇದ್ದ ನೀರನ್ನು ಬಿಗಿಹಿಡಿಯುತ್ತದೆ. ನಮ್ಮ ಜಾಲಿಯ ಸಣ್ಣ ಎಲೆಯೂ ಬೇರೊಂದು ಬರಗಾಲದಲ್ಲಿ ಇದೇ ಜಾಣತನ ಮಾಡುವುದಲ್ಲವೆ? ಚಳಿಯಲ್ಲಿ ಉದುರಿದ ಎಲೆ ಬೇಗ ಕೊಳೆಯದು. ಗೊಬ್ಬರವಾಗಲು ವರ್ಷಗಳು ಬೇಕು. ಬೇರಿಗೆ ಹೆಣೆದುಕೊಂಡ ಅಣಬೆ ಜಾತಿಯ ಎಳೆಗಳು ಆ ಸಾರವನ್ನು ಮರಕ್ಕೆ ಉಣಿಸುತ್ತವೆ. ಎಲ್ಲವೂ ನಿಧಾನ. ಒಳ್ಳೆಯ ದಿಮ್ಮಿಗೆ ದೇವದಾರು ನೂರು ವರ್ಷಕ್ಕೂ ಮಿಕ್ಕಿ ಬೆಳೆಯಬೇಕು. ಕಡಿಯುವವನ ಮೊಮ್ಮಗನೂ ಹೊಸ ಮರವನ್ನು ಕಾಣಲಾರ. ಬೋಳಾದ ಇಳಿಜಾರಿನ ಮಣ್ಣು ಅಷ್ಟರಲ್ಲಿ ಹೊಳೆ ಸೇರಿರುತ್ತದೆ. ಎಷ್ಟು ಮರ ಉಳಿದಿದೆ, ಎಷ್ಟು ತೆಗೆಯಬಹುದು ಎಂಬುದನ್ನು ಕಣಿವೆ ಕಣಿವೆಯಾಗಿ ನೋಡಿ ಬರೆದ ಅವನ ವರದಿ 1864ರಲ್ಲಿ ರೂರ್ಕಿಯಲ್ಲಿ ಅಚ್ಚಾಯಿತು. ಅದೇ ವರ್ಷ ಭಾರತ ಸರ್ಕಾರದ ಅರಣ್ಯ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಾಧಿಕಾರಿ ಬ್ರಾಂಡಿಸ್ ರಜೆಯ ಮೇಲೆ ಹೋದಾಗ ಕ್ಲೆಗ್‌ಹಾರ್ನನೇ ಆ ಸ್ಥಾನವನ್ನು ನಿರ್ವಹಿಸಿದನು.

ನಿವೃತ್ತನಾಗಿ ಸ್ಕಾಟ್ಲೆಂಡಿನ ತನ್ನ ಹಳ್ಳಿ ಸ್ಟ್ರಾವಿಥಿಗೆ ಹಿಂದಿರುಗಿದನು. ಆ ದೇಶದ ಪುರಾತನ ಪೈನ್ ಕಾಡು ಬಹುಮಟ್ಟಿಗೆ ಎಂದೋ ಹೋಗಿತ್ತು. ಅಲ್ಲಿನ ವೃಕ್ಷಕೃಷಿ ಸಂಘದ ಅಧ್ಯಕ್ಷನಾಗಿ, ಅರಣ್ಯಶಾಸ್ತ್ರವನ್ನು ಪಾಠವಾಗಿ ಕಲಿಸಬೇಕೆಂದು ದುಡಿದು, 1895ರಲ್ಲಿ ತೀರಿಕೊಂಡನು.

ಈ ಬಾಳಿನಿಂದ ನಮಗೇನು? ಕ್ಲೆಗ್‌ಹಾರ್ನನು ಕಾಡಿನ ನಾಡಿಯನ್ನು ಸರಿಯಾಗಿ ಹಿಡಿದನು. ಆದರೆ ಔಷಧದ ಕಹಿಯನ್ನು ಕುಡಿದವರು ಗುಡ್ಡದ ಬಡವರು. ಈ ಎರಡು ಮಾತನ್ನೂ ಒಟ್ಟಿಗೆ ನೆನೆಯಬೇಕು. ನಂದಿಯ ಸುತ್ತಣ ಬೆಟ್ಟಗಳು ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳ ತವರು. ಆದರೂ ಶಿಡ್ಲಘಟ್ಟ, ಚಿಂತಾಮಣಿಗಳ ರೈತನು ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಸುತ್ತಾನೆ. ಬಯಲೆಲ್ಲ ನೀಲಗಿರಿ ನೆಟ್ಟು ಅದನ್ನೇ ಕಾಡೆಂದು ಕರೆದ ಕಾಲವೂ ಇತ್ತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸಾಲಾಗಿ ನಿಂತ ಮರ ಕಾಡಲ್ಲ. ಎಲೆ, ಮಣ್ಣು, ಬೇರು, ನೀರು ಒಂದನ್ನೊಂದು ಸಾಕುವುದೇ ಕಾಡು. ಅದು ಹಿಮಾಲಯಕ್ಕೂ ನಿಜ, ನಂದಿಯ ತಪ್ಪಲಿಗೂ ನಿಜ. ಕಾಡನ್ನು ಉಳಿಸುವ ಮಾತು ಬಂದಾಗಲೆಲ್ಲ ಅದರ ಬೆಲೆಯನ್ನು ಯಾರು ತೆರುತ್ತಾರೆಂದೂ ಕೇಳುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.