ಕೈತಪ್ಪಿದ ವಿದ್ಯಾರ್ಥಿವೇತನ: ಶ್ರೀನಿವಾಸ ರಾಮಾನುಜನ್ ಅವರ ಬದುಕಿನ ಒಂದು ಪಾಠ

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು ಕೇಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಿಕ್ಕಿಲ್ಲ. ಅವರು ಹುಟ್ಟಿದ ಡಿಸೆಂಬರ್ 22ನೆಯ ದಿನವನ್ನು ದೇಶದಾದ್ಯಂತ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ 1729 ಎಂಬ ಸಂಖ್ಯೆಯ ಕಥೆ ತಪ್ಪದೇ ಬರುತ್ತದೆ. ನಾನು ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆಯುತ್ತಿರುವುದು ಆ ಕಥೆಯನ್ನಲ್ಲ. ರಾಮಾನುಜನ್ ಅವರಿಗೆ ಒಂದು ವಿದ್ಯಾರ್ಥಿವೇತನ ಸಿಕ್ಕಿತು, ಒಂದೇ ವರ್ಷದಲ್ಲಿ ಕೈತಪ್ಪಿತು, ಎಂಟು ವರ್ಷಗಳ ನಂತರ ಇನ್ನೊಂದು ಸಿಕ್ಕಿತು. ಈ ಕಥೆಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಆದರೆ ವಿದ್ಯಾರ್ಥಿವೇತನವನ್ನೇ ನಂಬಿ ಕಾಲೇಜು ಸೇರುವ ಮಕ್ಕಳಿರುವ ನಮ್ಮಂಥ ಊರಿಗೆ ಇದು ಬೇಕಾದ ಕಥೆ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ಈರೋಡಿನಲ್ಲಿದ್ದ ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ತಿಂಗಳಿಗೆ 20 ರೂಪಾಯಿಯ ಆಸುಪಾಸಿನ ಸಂಬಳ. ತಾಯಿ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಮನೆಯ ಖರ್ಚು ತೂಗಿಸಲು ಕಾಲೇಜು ಹುಡುಗರನ್ನು ಮನೆಯಲ್ಲಿ ಇರಿಸಿಕೊಂಡು ಊಟ ಹಾಕುತ್ತಿದ್ದರು. ಎರಡು ವರ್ಷದ ಮಗುವಾಗಿದ್ದಾಗ ರಾಮಾನುಜನ್ ಅವರಿಗೆ ಸಿಡುಬು ಬಂದು, ಬದುಕಿ ಉಳಿದದ್ದೇ ಹೆಚ್ಚು.

ಶಾಲೆಯಲ್ಲಿ ಅವರು ಒಳ್ಳೆಯ ವಿದ್ಯಾರ್ಥಿ. 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ತಂಜಾವೂರು ಜಿಲ್ಲೆಗೇ ಮೊದಲಿಗರಾದರು. ಮುಂದೆ ಕುಂಭಕೋಣದ ಟೌನ್ ಹೈಸ್ಕೂಲು ಸೇರಿದರು. ಮನೆಯಲ್ಲಿದ್ದ ಕಾಲೇಜು ಹುಡುಗರಿಂದ ಲೋನಿಯವರ ತ್ರಿಕೋನಮಿತಿ ಪುಸ್ತಕ ಪಡೆದು ತಾವೇ ಓದಿ ಮುಗಿಸಿದರು. 1903ರ ಹೊತ್ತಿಗೆ ಕಾರ್ ಎಂಬುವರ ಗಣಿತ ಸೂತ್ರಗಳ ಸಂಗ್ರಹವೊಂದು ಕೈಗೆ ಬಂತು. ಅದರಲ್ಲಿ ಸುಮಾರು 5,000 ಸೂತ್ರಗಳಿದ್ದವು, ಸಾಧನೆ ಮಾತ್ರ ಬಹಳ ಕಡಿಮೆ. ಒಂದೊಂದನ್ನೂ ತಾವೇ ಸಾಧಿಸಿ ನೋಡುತ್ತಾ ಹೋದ ಆ ಹುಡುಗನಿಗೆ ಆಮೇಲೆ ಬೇರೆ ಯಾವುದೂ ರುಚಿಸಲಿಲ್ಲ.

1904ರಲ್ಲಿ ಹೈಸ್ಕೂಲು ಮುಗಿಯಿತು. ಶಾಲೆಯ ಗಣಿತ ಬಹುಮಾನ ಅವರ ಪಾಲಾಯಿತು. ಜೊತೆಗೆ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಓದಲು ಸುಬ್ರಹ್ಮಣ್ಯಂ ವಿದ್ಯಾರ್ಥಿವೇತನವೂ ಸಿಕ್ಕಿತು. ಅಲ್ಲಿಗೆ ಎಲ್ಲವೂ ಸರಿಯಾಗಿತ್ತು.

ಕಾಲೇಜಿನಲ್ಲಿ ಎಫ್.ಎ. ಎಂಬ ಎರಡು ವರ್ಷದ ತರಗತಿ. ಈಗಿನ ನಮ್ಮ ಪಿಯುಸಿಗೆ ಹೋಲಿಸಬಹುದು. ಅಲ್ಲಿ ಗಣಿತವೊಂದೇ ಇರಲಿಲ್ಲ. ಇಂಗ್ಲಿಷ್, ಸಂಸ್ಕೃತ, ಶರೀರಶಾಸ್ತ್ರ, ಗ್ರೀಕ್ ಮತ್ತು ರೋಮನ್ ಇತಿಹಾಸ ಎಲ್ಲವನ್ನೂ ಓದಬೇಕಿತ್ತು. ರಾಮಾನುಜನ್ ತರಗತಿಯಲ್ಲಿ ಕುಳಿತಿದ್ದರೂ ಮನಸ್ಸು ಗಣಿತದಲ್ಲೇ ಇರುತ್ತಿತ್ತು. ಇಂಗ್ಲಿಷಿನಲ್ಲಿ ಅನುತ್ತೀರ್ಣರಾದರು. ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ತೇರ್ಗಡೆಯಾಗಬೇಕು ಎಂಬುದು ನಿಯಮ. ವೇತನ ನಿಂತುಹೋಯಿತು. ಕಾಲೇಜಿನ ಒಂದು ಅವಧಿಯ ಶುಲ್ಕ 32 ರೂಪಾಯಿ. ತಂದೆಯ ಒಂದೂವರೆ ತಿಂಗಳ ಸಂಬಳ ಅದಕ್ಕೇ ಬೇಕು. ತಾಯಿ ಪ್ರಾಂಶುಪಾಲರ ಬಳಿಗೆ ಹೋಗಿ ಬೇಡಿಕೊಂಡರು. ನಿಯಮ ಬದಲಾಗಲಿಲ್ಲ.

ರಾಮಾನುಜನ್ ಕೆಲವು ತಿಂಗಳು ಹೇಗೋ ತಳ್ಳಿದರು. 1905ರ ಆಗಸ್ಟಿನಲ್ಲಿ, ಆಗ ಅವರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ಮನೆಯಲ್ಲಿ ಯಾರಿಗೂ ಹೇಳದೆ ವಿಶಾಖಪಟ್ಟಣದ ಕಡೆಗೆ ರೈಲು ಹತ್ತಿಬಿಟ್ಟರು. ಮನೆಯವರು ಹುಡುಕಿಸಿ ವಾಪಸು ಕರೆತಂದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ ಮತ್ತೊಂದು ಪ್ರಯತ್ನ ಮಾಡಿದರು. ಅಲ್ಲಿಯೂ ಅದೇ ಆಯಿತು. ನಡುವೆ ಕಾಯಿಲೆಯೂ ಬಿತ್ತು. ಎಫ್.ಎ. ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಸೋತರು. ಗಣಿತದಲ್ಲಿ ತೊಂದರೆಯೇ ಇರಲಿಲ್ಲ, ಉಳಿದ ವಿಷಯಗಳು ಕೈಕೊಟ್ಟವು. ಶರೀರಶಾಸ್ತ್ರದಲ್ಲಂತೂ ಬಂದ ಅಂಕ ತೀರಾ ಕಡಿಮೆ. ಅಲ್ಲಿಗೆ ಅವರ ಕಾಲೇಜು ಓದು ಮುಗಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಆ ಪ್ರಾಂಶುಪಾಲರನ್ನಾಗಲಿ ಇಂಗ್ಲಿಷ್ ಅಧ್ಯಾಪಕರನ್ನಾಗಲಿ ದೂರಲು ನನಗೆ ಮನಸ್ಸಿಲ್ಲ. ವಿದ್ಯಾರ್ಥಿವೇತನ ಎಂಬುದು ಯಾರದೋ ಬೆವರಿನ ಹಣ. ಕೊಟ್ಟವರಿಗೆ ಅದು ಸದುಪಯೋಗವಾಗಿದೆಯೇ ಎಂದು ಕೇಳುವ ಹಕ್ಕಿದೆ. ಒಬ್ಬ ಓದದೆ ಕುಳಿತರೆ ಅದೇ ಹಣದಿಂದ ಓದಬಹುದಾಗಿದ್ದ ಇನ್ನೊಬ್ಬ ಬಡ ಹುಡುಗನಿಗೆ ಅನ್ಯಾಯವಾಗುತ್ತದೆ. ನಿಯಮ ಇರಲೇಬೇಕು. ಆದರೆ ಕುಂಭಕೋಣದಲ್ಲಿ ಆ ಹುಡುಗ ಏಕೆ ಸೋತ, ಸೋತ ವಿಷಯ ಬಿಟ್ಟು ಉಳಿದದ್ದರಲ್ಲಿ ಏನು ಮಾಡುತ್ತಿದ್ದಾನೆ ಎಂದು ನೋಡುವ ಏರ್ಪಾಡು ಆ ನಿಯಮದೊಳಗೆ ಇರಲಿಲ್ಲ. ತೇರ್ಗಡೆ ಅಥವಾ ಅನುತ್ತೀರ್ಣ, ಎರಡೇ ಉತ್ತರ.

ಮುಂದಿನ ವರ್ಷಗಳು ಕಷ್ಟದವು. ಪದವಿ ಇಲ್ಲ, ಕೆಲಸವಿಲ್ಲ. ಸೂತ್ರಗಳನ್ನು ಸ್ಲೇಟಿನ ಮೇಲೆ ಬಿಡಿಸಿ, ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಕಾಗದಕ್ಕೂ ಹಣ ಬೇಕಲ್ಲ! 1909ರಲ್ಲಿ ಜಾನಕಿಯವರೊಂದಿಗೆ ಮದುವೆಯಾಯಿತು. ಸಂಸಾರದ ಭಾರ ಹೊತ್ತ ರಾಮಾನುಜನ್ ಆ ನೋಟ್‌ಬುಕ್ಕುಗಳನ್ನೇ ಕಂಕುಳಲ್ಲಿ ಹಿಡಿದು ಕೆಲಸ ಕೇಳಿಕೊಂಡು ಅಲೆದರು. ಅಂಕಪಟ್ಟಿಯಲ್ಲಿ ತೋರಿಸಲು ಏನೂ ಇಲ್ಲದವರಿಗೆ ನೋಟ್‌ಬುಕ್ಕೇ ಅಂಕಪಟ್ಟಿ.

ಅದನ್ನು ಓದಬಲ್ಲವರು ಕೊನೆಗೂ ಸಿಕ್ಕಿದರು. ತಿರುಕೋವಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ಅವರು ನೋಟ್‌ಬುಕ್ ನೋಡಿ, ಇವರನ್ನು ಬಲ್ಲವರ ಬಳಿಗೆ ಕಳುಹಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟು ಕೆಲಕಾಲ ನೋಡಿಕೊಂಡರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು. ನಾವು ಹೆಮ್ಮೆಪಡಬೇಕಾದ ಸಂಗತಿಯೊಂದು ಇಲ್ಲಿದೆ. ಆ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ರಾಮಾನುಜನ್ ಬರೆಯುತ್ತಿದ್ದ ರೀತಿ ಸಾಮಾನ್ಯ ಓದುಗರಿಗೆ ಅರ್ಥವಾಗುವಂತಿರಲಿಲ್ಲ. ಹಸ್ತಪ್ರತಿಯನ್ನು ಅವರು ಬದಿಗೆ ಎಸೆಯದೆ, ಮತ್ತೆ ಮತ್ತೆ ತಿದ್ದಿಸಿ, ಅಚ್ಚಿಗೆ ಸಿದ್ಧಗೊಳಿಸಿದರು. ಮೇಷ್ಟರ ಕೆಲಸವೆಂದರೆ ಇದೇ ಅಲ್ಲವೇ?

1912ರ ಮಾರ್ಚಿನಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಸಂಬಳ 30 ರೂಪಾಯಿ. ಅಲ್ಲಿನ ಮುಖ್ಯಸ್ಥ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಮತ್ತು ಮ್ಯಾನೇಜರ್ ನಾರಾಯಣ ಅಯ್ಯರ್ ಇಬ್ಬರೂ ಅವರ ಬೆನ್ನಿಗೆ ನಿಂತರು. 1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಡ್ಜಿನ ಪ್ರೊಫೆಸರ್ ಹಾರ್ಡಿಯವರಿಗೆ ತಮ್ಮ ಫಲಿತಾಂಶಗಳನ್ನು ಬರೆದು ಕಳುಹಿಸಿದರು. ಇವರು ಅಸಾಮಾನ್ಯ ವ್ಯಕ್ತಿ ಎಂಬುದು ಹಾರ್ಡಿಯವರಿಗೆ ತಿಳಿಯಿತು. ಅದೇ ಹೊತ್ತಿಗೆ ಮದರಾಸಿಗೆ ಬಂದಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಕೂಡ ಕೆಲಸವನ್ನು ನೋಡಿ, ಈ ಯುವಕನಿಗೆ ನೆರವಾಗಿ ಎಂದು ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದರು.

ಈಗ ವಿಶ್ವವಿದ್ಯಾಲಯದ ಮುಂದೆ ಮತ್ತೆ ಅದೇ ಪ್ರಶ್ನೆ. ಸಂಶೋಧನಾ ವೇತನ ಸ್ನಾತಕೋತ್ತರ ಪದವಿ ಇದ್ದವರಿಗೆ ಮಾತ್ರ ಎಂಬುದು ನಿಯಮ. ಇವರಿಗೆ ಎಫ್.ಎ. ಕೂಡ ಆಗಿಲ್ಲ. ಸಿಂಡಿಕೇಟಿನಲ್ಲಿ ಆಕ್ಷೇಪ ಬಂತು. ಆಗ ನ್ಯಾಯಮೂರ್ತಿ ಪಿ.ಆರ್. ಸುಂದರ ಅಯ್ಯರ್ ವಿಶ್ವವಿದ್ಯಾಲಯದ ಕಾಯ್ದೆಯನ್ನೇ ತೆಗೆದು ತೋರಿಸಿದರು. ಸಂಶೋಧನೆಯನ್ನು ಬೆಳೆಸುವುದೂ ವಿಶ್ವವಿದ್ಯಾಲಯದ ಉದ್ದೇಶವೆಂದು ಕಾಯ್ದೆಯಲ್ಲಿ ಇದೆ. ಆ ಉದ್ದೇಶಕ್ಕೆ ಅಡ್ಡಬರುವಂತೆ ನಿಯಮವನ್ನು ಓದಬಾರದು ಎಂಬುದು ಅವರ ವಾದ. ಅದು ಒಪ್ಪಿಗೆಯಾಯಿತು. 1913ರ ಮೇ 1ರಿಂದ ಎರಡು ವರ್ಷದ ಅವಧಿಗೆ ತಿಂಗಳಿಗೆ 75 ರೂಪಾಯಿ ವೇತನ ಮಂಜೂರಾಯಿತು. ಗುಮಾಸ್ತೆ ಸಂಬಳದ ಎರಡೂವರೆ ಪಟ್ಟು!

ಈ ಸಲವೂ ಷರತ್ತು ಇಲ್ಲದಿರಲಿಲ್ಲ. ಮೂರು ತಿಂಗಳಿಗೊಮ್ಮೆ ಕೆಲಸದ ಪ್ರಗತಿ ವರದಿಯನ್ನು ಗಣಿತದ ಅಧ್ಯಯನ ಮಂಡಳಿಗೆ ಸಲ್ಲಿಸಬೇಕಿತ್ತು. ರಾಮಾನುಜನ್ ಚಾಚೂ ತಪ್ಪದೆ ಸಲ್ಲಿಸಿದರು. ಮೊದಲನೆಯದು 1913ರ ಆಗಸ್ಟಿನಲ್ಲಿ, ಎರಡನೆಯದು ನವೆಂಬರಿನಲ್ಲಿ, ಮೂರನೆಯದು ಇಂಗ್ಲೆಂಡಿಗೆ ಹೊರಡುವ ಕೆಲವೇ ದಿನ ಮೊದಲು, 1914ರ ಮಾರ್ಚಿನಲ್ಲಿ. ಆ ವರದಿಗಳಲ್ಲಿದ್ದ ಒಂದು ಪ್ರಮೇಯವನ್ನು ಇಂದು ರಾಮಾನುಜನ್ ಮಾಸ್ಟರ್ ಪ್ರಮೇಯವೆಂದು ಕರೆಯುತ್ತಾರೆ. ಕಠಿಣವಾದ ಅನುಕಲನಗಳನ್ನು ಬಿಡಿಸಲು ಗಣಿತಜ್ಞರು ಈಗಲೂ ಅದನ್ನು ಬಳಸುತ್ತಾರೆ. ವೇತನ ಉಳಿಸಿಕೊಳ್ಳಲು ಬರೆದ ವರದಿಯೇ ಗಣಿತಕ್ಕೆ ಆಸ್ತಿಯಾಯಿತು.

ಎರಡು ವಿದ್ಯಾರ್ಥಿವೇತನಗಳಿಗೂ ಪ್ರಗತಿಯ ಷರತ್ತಿತ್ತು. ಮೊದಲನೆಯದು ಅವರಿಗೆ ಬಾರದ್ದನ್ನು ಅಳೆಯಿತು, ಎರಡನೆಯದು ಬರುವುದನ್ನು ಅಳೆಯಿತು. ಮೊದಲನೆಯದು ವರ್ಷದ ಕೊನೆಯಲ್ಲಿ ಒಂದೇ ಸಲ ನೋಡಿತು, ಎರಡನೆಯದು ಮೂರು ತಿಂಗಳಿಗೊಮ್ಮೆ ನೋಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೆಯ ಸಲ ವರದಿಯನ್ನು ಓದಲು ವಿಷಯ ಬಲ್ಲ ಮನುಷ್ಯರಿದ್ದರು.

ಉಳಿದ ಕಥೆ ನಿಮಗೆ ಗೊತ್ತೇ ಇದೆ. 1914ರ ಮಾರ್ಚ್ 17ರಂದು ಹಡಗು ಹತ್ತಿದರು. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ಕೊಟ್ಟಿತು. ಅದರಲ್ಲಿ ತಿಂಗಳಿಗೆ 60 ರೂಪಾಯಿ ಕುಂಭಕೋಣದ ಮನೆಗೆ ಹೋಗುವಂತೆ ರಾಮಾನುಜನ್ ಏರ್ಪಾಡು ಮಾಡಿದರು. ಎಫ್.ಎ. ದಾಟಲಾಗದವರಿಗೆ 1916ರಲ್ಲಿ ಕೇಂಬ್ರಿಡ್ಜ್ ಸಂಶೋಧನೆಯ ಆಧಾರದ ಮೇಲೆ ಬಿ.ಎ. ಪದವಿ ನೀಡಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಕೂಡ. ಆದರೆ ದೇಹ ಸೋತಿತ್ತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ನಮ್ಮ ಶಾಲೆಯ ಮಕ್ಕಳಿಗೂ ಈ ಷರತ್ತುಗಳು ಹೊಸತಲ್ಲ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದರೆ ಒಂಬತ್ತನೆಯದನ್ನು ಮೊದಲ ಯತ್ನದಲ್ಲೇ ಪಾಸಾಗಬೇಕು, ಹತ್ತನೆಯದರಲ್ಲಿ ಶೇ. 60 ಅಂಕ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 5ರ ವಿನಾಯಿತಿ ಇದೆ. ಕಾಲೇಜು ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಕೊಡುವ ವೇತನ ನವೀಕರಣವಾಗಲು ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಪೋಷಕರು ಇದನ್ನು ಮೊದಲೇ ತಿಳಿದಿರಬೇಕು. ಹಣ ನಿಂತ ಮೇಲೆ ಕಚೇರಿಗೆ ಅಲೆದರೆ ಪ್ರಯೋಜನ ಕಡಿಮೆ.

ಈಗ ಇಂಥ ಅರ್ಜಿಗಳನ್ನು ಮೊದಲು ನೋಡುವುದು ಕಂಪ್ಯೂಟರ್. ಪ್ರೋಗ್ರಾಂ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ಅದರ ಮಿತಿ ನನಗೆ ಗೊತ್ತು. 50 ಎಂದು ಬರೆದರೆ 49ಕ್ಕೆ ಅದು ಇಲ್ಲ ಎನ್ನುತ್ತದೆ. ತಂದೆ ಆಸ್ಪತ್ರೆಯಲ್ಲಿದ್ದರೇ, ಹುಡುಗಿ ಕೂಲಿಗೆ ಹೋಗಬೇಕಾಯಿತೇ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನಾವು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ವಿದ್ಯಾರ್ಥಿವೇತನ ನಿಧಿ ಕಟ್ಟೋಣವೆಂಬ ಮಾತು ನಡೆದಿದೆ. ಅದಕ್ಕೆ ನಿಯಮಗಳೂ ಬೇಕು, ನಾನು ಒಪ್ಪುತ್ತೇನೆ. ಅವುಗಳ ಜೊತೆಗೆ ಎರಡು ಸಾಲು ಸೇರಿಸಬೇಕೆಂದು ನನ್ನ ವಿನಂತಿ. ಮೂರು ತಿಂಗಳಿಗೊಮ್ಮೆ ನಮ್ಮಲ್ಲಿ ಒಬ್ಬರು ಆ ಮಗುವಿನೊಂದಿಗೆ ಮಾತನಾಡಬೇಕು. ಅಂಕ ಕಡಿಮೆಯಾದರೆ ಹಣ ನಿಲ್ಲಿಸುವ ಮೊದಲು ಮನೆಗೆ ಹೋಗಿ ಕಾರಣ ಕೇಳಿ, ಇನ್ನೊಂದು ಅವಕಾಶ ಕೊಡಬೇಕು.

1919ರ ಜನವರಿಯಲ್ಲಿ, ಇಂಗ್ಲೆಂಡಿನಿಂದ ಹೊರಡುವ ಮೊದಲು, ರಾಮಾನುಜನ್ ಮದರಾಸು ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದರು. ತಮಗೆ ಮಂಜೂರಾದ ವಾರ್ಷಿಕ ಹಣದಲ್ಲಿ ತಂದೆತಾಯಿಗೆ 50 ಪೌಂಡ್ ಹಾಗೂ ತಮ್ಮ ಅಗತ್ಯದ ಖರ್ಚು ಕಳೆದು ಉಳಿದದ್ದನ್ನು ಬಡ ಮತ್ತು ಅನಾಥ ಮಕ್ಕಳ ಶಾಲಾ ಶುಲ್ಕ ಇಳಿಸಲು, ಶಾಲೆಗಳಿಗೆ ಪುಸ್ತಕ ಕೊಡಲು ಬಳಸಬೇಕೆಂದು ಕೋರಿದರು. 32 ರೂಪಾಯಿ ಶುಲ್ಕಕ್ಕಾಗಿ ಓದು ಬಿಟ್ಟವರು ಬರೆದ ಪತ್ರವದು. ನಮ್ಮ ನಿಧಿಯ ಮೊದಲ ಪುಟದಲ್ಲಿ ಅವರ ಹೆಸರಿದ್ದರೆ ಚೆನ್ನ.