ಕೊಡಗಿನ ಗೌರಮ್ಮ: ಮುಡಿಯಲಾಗದ ಹೂವಿನ ಕಥೆಗಾರ್ತಿ

ನವೋದಯ ಕಾಲದ ಸಣ್ಣಕತೆಯಲ್ಲಿ ಹೆಣ್ಣಿನ ಬಯಕೆಯನ್ನು ಹೆಣ್ಣಿನ ನೆಲೆಯಿಂದಲೇ ನಿರೂಪಿಸಿದ ಮೊದಲಿಗರಲ್ಲಿ ಕೊಡಗಿನ ಗೌರಮ್ಮ (1912–1939) ಪ್ರಮುಖರು. ಮಡಿಕೇರಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಬಿ. ಟಿ. ಗೋಪಾಲಕೃಷ್ಣ ಅವರನ್ನು ವಿವಾಹವಾಗಿ ಸೋಮವಾರಪೇಟೆ ಸಮೀಪದ ಗುಂಡುಕುಟ್ಟಿಯ ಕಾಫಿ ತೋಟದಲ್ಲಿ ನೆಲೆಸಿದರು. ಕತೆಗಳನ್ನು ಬರೆದದ್ದು ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂಬ ಹೆಸರಿನಲ್ಲಿ. ಪತಿಯ ಹೆಸರಿನ ಮರೆಯಲ್ಲಿ ನಿಂತು, ವಿವಾಹ ವ್ಯವಸ್ಥೆಯ ಒಳಬಿರುಕುಗಳನ್ನು ಅವರು ತೆರೆದು ತೋರಿಸಿದರೆಂಬುದು ಗಮನಾರ್ಹ.

ನಮ್ಮ ಸಮಾಜದಲ್ಲಿ ಹೆಣ್ಣು ಮುಡಿಯುವ ಹೂವು ಕೇವಲ ಅಲಂಕಾರವಲ್ಲ, ಅದೊಂದು ಅನುಮತಿ. ಮುತ್ತೈದೆಗೆ ಅದು ಸೌಭಾಗ್ಯದ ಗುರುತು, ವಿಧವೆಗೆ ನಿಷಿದ್ಧ ವಸ್ತು. ಹೂವನ್ನು ನಿರಾಕರಿಸುವುದೆಂದರೆ ಬಯಸುವ ಹಕ್ಕನ್ನೇ ನಿರಾಕರಿಸಿದಂತೆ. ಗೌರಮ್ಮನವರ ವಿಧವೆಯರನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ. ‘ವಾಣಿಯ ಸಮಸ್ಯೆ’ ಕತೆಯ ಇಂದು ನೆರೆಮನೆಯ ದಾಂಪತ್ಯವನ್ನು ಹತ್ತಿರದಿಂದ ಕಾಣುತ್ತಾಳೆ. ತನ್ನೊಳಗೆ ಮೂಡಿದ ಆಸೆಯನ್ನು ಗುರುತಿಸಿಕೊಂಡು ಊರನ್ನೇ ತೊರೆಯುತ್ತಾಳೆ. ಆಕೆಯ ನಿರ್ಗಮನದ ಕಾರಣ ವಾಣಿಗೆ ಒಗಟಾಗಿಯೇ ಉಳಿಯುತ್ತದೆ. ಅರಳುವ ಮುನ್ನವೇ ತನ್ನನ್ನು ತಾನೇ ಚಿವುಟಿಕೊಂಡ ಮೊಗ್ಗು ಈ ಇಂದು. ‘ಅಪರಾಧಿ ಯಾರು?’ ಕತೆಯಾದರೋ ವಿಧವೆಯ ದುರಂತದ ಹೊಣೆಯನ್ನು ಸಮಾಜದ ಮುಂದಿಡುತ್ತದೆ.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಹೂಡಿದರು. ಬಂದ ಅತಿಥಿಗೆ ಹರಿಜನ ನಿಧಿಗಾಗಿ ತಮ್ಮ ಒಡವೆಗಳನ್ನು ಅರ್ಪಿಸಿದರು. ಈ ಘಟನೆಯನ್ನು ದೇಶಭಕ್ತಿಯ ನಿದರ್ಶನವೆಂದಷ್ಟೇ ನೋಡುವುದು ಅಪೂರ್ಣ. ಒಡವೆಯನ್ನು ತಾನಾಗಿ ಬಿಟ್ಟುಕೊಡುವುದು ತ್ಯಾಗ. ಹೆಣ್ಣಿನ ಮುಡಿಯಿಂದ ಹೂವನ್ನು ಕಿತ್ತುಕೊಳ್ಳುವುದು ದಂಡನೆ. ಇವೆರಡರ ಅಂತರವನ್ನು ಅರಿತಿದ್ದರಿಂದಲೇ ಅವರ ಕತೆಗಳು ಬಲವಂತದ ವೈರಾಗ್ಯವನ್ನು ಆದರ್ಶವೆಂದು ಕೊಂಡಾಡುವುದಿಲ್ಲ.

ಟೆನಿಸ್ ಮತ್ತು ಈಜು ಬಲ್ಲವರಾಗಿದ್ದ ಗೌರಮ್ಮ 1939ರ ಏಪ್ರಿಲ್ 13ರಂದು ನೀರಿನ ಪಾಲಾದರು. ಆಗ ಅವರ ವಯಸ್ಸು ಇಪ್ಪತ್ತೇಳು. ಅವರನ್ನು ತಂಗಿಯೆಂದು ಭಾವಿಸಿದ್ದ ಬೇಂದ್ರೆಯವರು ಕವಿತೆಯ ಮೂಲಕ ಶೋಕಿಸಿದರು. ಅವರ ಎರಡು ಕಥಾಸಂಕಲನಗಳ ಹೆಸರುಗಳು ‘ಕಂಬನಿ’ ಮತ್ತು ‘ಚಿಗುರು’. ಚಿಗುರಿಗೂ ಕಂಬನಿಗೂ ನಡುವೆ ಇರಬೇಕಾಗಿದ್ದ ಹೂವು ಅಲ್ಲಿಲ್ಲ. 2023ರಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಈ ಕತೆಗಳು ಹೊಸ ಓದುಗರನ್ನು ತಲುಪಿವೆ. ಗೌರಮ್ಮನವರ ಅಕಾಲ ಮರಣದ ಮರುಕವನ್ನು ಬದಿಗಿಟ್ಟು, ಬಯಕೆಯನ್ನು ಅಪರಾಧವೆಂದೆಣಿಸದ ಅವರ ನಿಲುವನ್ನು ವಿಮರ್ಶೆಯು ಮುನ್ನೆಲೆಗೆ ತರಬೇಕಾಗಿದೆ.